ಹುಣಸೆಮರದ ಗಟ್ಟಿಮೇಳ

ನಮ್ಮೂರ ಕಾಲೇಜಿನಲ್ಲಿ ಸಂಜೆ ಹೊತ್ತು ‘ನಮ್ಮೂರ ಸಂಗೀತ ಚರಿತ್ರೆ’ ಅನ್ನುವ ಕೋರ್ಸು ತೆಗೆದಿದ್ದಾರೆ, ವಯಸ್ಸಿನ ಕಟ್ಟಿಲ್ಲ, ಯಾರು ಬೇಕಾದರೂ ಸೇರಬಹುದು ಎಂಬ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಸೀರೆಗೆ ಫಾಲ್ ಹೊಲಿಯುತ್ತ ಕೂತಿದ್ದೆ. ಸುದ್ದಿ ತಂದವಳು ಪಕ್ಕದ ಹೂವಿನಂಗಡಿಯ ಗಿರಿಜ. ಅವಳ ಬಾಯಲ್ಲಿ ಒಂದು ಎಳ್ಳುಕಾಳೂ ನೆನೆಯುವುದಿಲ್ಲ. “ಕೊನೇಗೆ ಪಾಠಾನೆಲ್ಲ ಸೇರ್ಸಿ ಪುಸ್ತಕ ಅಚ್ಚು ಹಾಕಿಸ್ತಾರಂತೆ ಕಣೆ ಅಲಮೇಲು. ಮೂಗ ಮದುವೇದೂ ಒಂದು ಪಾಠ ಐತಂತೆ,” ಅಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ನನ್ನ ಸೂಜಿ ಬೆರಳಿಗೆ ಹೋಯಿತು.

ಮೂಗ ಮದುವೆಯ ಕಥೆ ನಮ್ಮೂರಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಓಲಗದ ಕದಿರಪ್ಪ ವೀಳ್ಯ ತೆಗೆದುಕೊಂಡು ನುಡಿಸದೆ ಹೋದ, ಗಿರಣಿ ಸಾಹುಕಾರರ ಮಗಳ ಕೊರಳಿಗೆ ಗಟ್ಟಿಮೇಳವಿಲ್ಲದೆ ತಾಳಿ ಬಿತ್ತು. ಅಷ್ಟೇ ಕಥೆ. ಆ ಕದಿರಪ್ಪ ನನ್ನ ಅಪ್ಪ. ಅದು ನಡೆದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ನಲವತ್ತು ವರ್ಷ ದಾಟಿದರೂ ಯಾರಾದರೂ ಒಪ್ಪಿಕೊಂಡ ಕೆಲಸಕ್ಕೆ ಕೈಕೊಟ್ಟರೆ ‘ಒಳ್ಳೇ ಕದಿರಪ್ಪನ ಓಲಗ ಆಯ್ತು’ ಅನ್ನುತ್ತಾರೆ. ಬಾಯಿಮಾತು ತಾನೆ, ಒಂದಲ್ಲ ಒಂದು ದಿನ ಸವೆದು ಹೋಗುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಅಚ್ಚಾದದ್ದು ಸವೆಯುತ್ತದೆಯೆ? ನಾಳೆ ನನ್ನ ಮೊಮ್ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯಬೇಕೆ? ಅವತ್ತು ಸಂಜೆಯೇ ಅಂಗಡಿ ಬೇಗ ಮುಚ್ಚಿ ಕಾಲೇಜಿಗೆ ಹೋಗಿ ಹೆಸರು ಕೊಟ್ಟು ಬಂದೆ.

ನಮ್ಮೂರಲ್ಲಿ, ಸುತ್ತಲ ಹಳ್ಳಿಗಳಲ್ಲಿ ಮಾತು ಆಡಿದಾಗಲೇ ಕೇಳುತ್ತದೆ, ಸಂಗೀತ ಮಾತ್ರ ಮರುದಿನ ಕೇಳುತ್ತದೆ. ಎಲ್ಲಿ ಹಾಡಿದರೋ ಅಲ್ಲೇ, ಯಾವ ಹೊತ್ತಿಗೆ ಹಾಡಿದರೋ ಅದೇ ಹೊತ್ತಿಗೆ. ದೂರದ ಊರುಗಳಲ್ಲಿ ಬಾಯಿ ತೆಗೆದ ಕೂಡಲೇ ಹಾಡು ಕೇಳಿಬಿಡುತ್ತದಂತೆ. ಅಷ್ಟು ಅವಸರ ಅವರಿಗೆ ಯಾಕೋ ನಾನರಿಯೆ. ನಮ್ಮ ಹೆಂಗಸರು ರಾತ್ರಿ ಅಕ್ಕಿ ನೆನೆಹಾಕುವ ಹಾಗೆ ನಾಳೆಯ ಜೋಗುಳವನ್ನು ಇವತ್ತೇ ಹಾಡಿಟ್ಟುಬಿಡುತ್ತಾರೆ. ಯಾವತ್ತಾದರೂ ಮರೆತರೆ ಮರುದಿನ ಮಗು ರಂಪ ಮಾಡುತ್ತದೆ, ಅತ್ತೆ ಗೊಣಗುತ್ತಾಳೆ. ಟೆಂಟ್ ಸಿನಿಮಾಕ್ಕೆ ಹೊಸ ಚಿತ್ರ ಬಂದ ಮೊದಲ ದಿನ ಯಾರೂ ಹೋಗುವುದಿಲ್ಲ. ಹೊಸ ನಾಯಕ ಬಾಯಿ ಆಡಿಸುವಾಗ ಹಳೇ ಚಿತ್ರದ ಹಾಡು ಬರುತ್ತದೆ. ಸಾವಿನ ಮನೆಯ ಭಜನೆ ಕೇಳುವ ಹೊತ್ತಿಗೆ ನೆಂಟರೆಲ್ಲ ಎದ್ದು ಹೋಗಿರುತ್ತಾರೆ. ಮನೆಯವರ ಜೊತೆ ಹಾಡೊಂದೇ ಕೂತಿರುತ್ತದೆ. ಅದೇ ಒಳ್ಳೆಯದು ಅನ್ನುತ್ತಾರೆ ಕಂಡವರು.

ಮದುವೆಗೆ ಓಲಗದವರು ಹಿಂದಿನ ದಿನವೇ ಬರಬೇಕು. ಖಾಲಿ ಚಪ್ಪರದಲ್ಲಿ, ಖಾಲಿ ಹಸೆಮಣೆಯ ಮುಂದೆ, ಮುಹೂರ್ತದ ಹೊತ್ತಿಗೆ ಸರಿಯಾಗಿ ಗಟ್ಟಿಮೇಳ ನುಡಿಸಿ ಎದ್ದು ಹೋಗಬೇಕು. ನುಡಿಸುವಾಗ ನಾಗಸ್ವರದವನಿಗೂ ತನ್ನ ನಾಗಸ್ವರ ಕೇಳುವುದಿಲ್ಲ, ಡೋಲಿನವನಿಗೂ ಡೋಲು ಕೇಳುವುದಿಲ್ಲ. ಒಬ್ಬರ ಕೈ ಇನ್ನೊಬ್ಬರು ನೋಡಿಕೊಂಡು ನುಡಿಸುತ್ತಾರೆ. ಮರುದಿನ ಪುರೋಹಿತರು ಕಿವಿ ನೆಟ್ಟಗೆ ಮಾಡಿಕೊಂಡು ಕಾದಿದ್ದು, ಮೇಳ ಎದ್ದ ಕ್ಷಣ ತಾಳಿ ಕಟ್ಟಿಸುತ್ತಾರೆ. ಆ ಹೊತ್ತಿಗೆ ಓಲಗದವರು ಇನ್ನೊಂದು ಊರಿನ ಇನ್ನೊಂದು ಖಾಲಿ ಚಪ್ಪರದಲ್ಲಿ ಇರುತ್ತಾರೆ. ಹಾಗಾಗಿ ತಾವು ನುಡಿಸಿದ್ದನ್ನು ತಾವೇ ಕೇಳುವ ಭಾಗ್ಯ ಓಲಗದವರಿಗೆ ಬರುವುದು ಬಹಳ ಕಡಿಮೆ.

ಅಪ್ಪನ ವಿಷಯದಲ್ಲಿ ಆದದ್ದೂ ಇದೇ. ಗಿರಣಿ ಸಾಹುಕಾರರ ಚಪ್ಪರ ಕೆರೆಬಯಲಿನಲ್ಲಿ ಹಾಕಿತ್ತು. ಅಪ್ಪ ಹಿಂದಿನ ದಿನ ಹೋಗಿ ನುಡಿಸಿ, ಇನ್ನೊಂದು ಮದುವೆಯ ವೀಳ್ಯ ತೆಗೆದುಕೊಳ್ಳಲು ಪಕ್ಕದೂರಿಗೆ ಹೊರಟುಹೋದ. ಮರುದಿನ ಸಾಹುಕಾರರ ಚಪ್ಪರದಲ್ಲಿ ಎಲ್ಲರೂ ಕಾದರು. ಮುಹೂರ್ತ ಮೀರಿತು. ಒಂದು ಪೀ ಅನ್ನುವ ಸದ್ದೂ ಬರಲಿಲ್ಲ. ಅಪ್ಪ ಊರಿಗೆ ವಾಪಸು ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. “ನುಡಿಸಿದೀನಿ ಸ್ವಾಮಿ,” ಎಂದು ಅಪ್ಪ ಕಂಡಕಂಡವರ ಮುಂದೆ ಹೇಳಿಕೊಂಡ. “ನುಡಿಸಿದ್ರೆ ಕೇಳಬೇಕಿತ್ತಲ್ಲಪ್ಪ,” ಅಂದರು ಜನ.

ಜನ ನಂಬಲಿಲ್ಲ ಅನ್ನುವುದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಅಪ್ಪನೇ ನಂಬದೆ ಹೋದ. ಊದಿದ್ದು ನಿಜ, ಬೆರಳು ಆಡಿಸಿದ್ದು ನಿಜ. ಆದರೆ ಉಸಿರಿನಲ್ಲಿ ಸ್ವರ ಇತ್ತೋ ಇಲ್ಲವೋ, ಊದಿದವನಿಗೆ ಹೇಗೆ ಗೊತ್ತಾಗಬೇಕು? ತನ್ನ ಉಸಿರೇ ಮೂಗಾಗಿದೆ, ಅದು ಸೋಕಿ ಜೊತೆಯ ಮಾರಣ್ಣನ ಡೋಲೂ ಮೂಗಾಯಿತು ಎಂದು ಅವನ ತಲೆಗೆ ಹೊಕ್ಕಿತು. ಇನ್ನೊಮ್ಮೆ ಊದಿ ಮರುದಿನ ಕಿವಿಗೊಟ್ಟಿದ್ದರೆ ತೀರುತ್ತಿತ್ತು. ಆದರೆ ಕೇಳದೇ ಹೋದರೆ? ಆ ಭಯಕ್ಕೆ ಅಪ್ಪ ನಾಗಸ್ವರವನ್ನು ಚೀಲಕ್ಕೆ ಹಾಕಿ ಕಟ್ಟಿ, ಮಂಡಿಯಲ್ಲಿ ಮೂಟೆ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಟ್ಟು ಮತ್ತೆ ಚೀಲಕ್ಕೆ ಹಾಕುವುದು, ಅಷ್ಟೇ. ನಾನು ಕೋರ್ಸಿಗೆ ಸೇರಿದೆ ಎಂದಾಗ ಅವನು ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. “ಹೋಗವ್ವ. ಆದ್ರೆ ಅಲ್ಲಿ ಯಾರ ಜೊತೇಲೂ ಜಗಳ ಕಾಯಬೇಡ,” ಅಂದ. ನನ್ನನ್ನು ಹೆತ್ತವನಲ್ಲವೆ, ಗೊತ್ತು ಅವನಿಗೆ.

ಪಾಠ ಮಾಡುತ್ತಿದ್ದವರು ಇಂದುಶೇಖರ ಮೇಷ್ಟ್ರು. ಒಳ್ಳೆಯ ಮನುಷ್ಯ. ಆದರೆ ಯೋಚನೆ ಮಾಡುವಾಗ ಗುನುಗುವ ಚಾಳಿ. ತರಗತಿ ದಿನಾ ಒಂದೇ ಹೊತ್ತಿಗೆ, ಒಂದೇ ಕೋಣೆಯಲ್ಲಿ. ಹಾಗಾಗಿ ನಿನ್ನೆಯ ಮೇಷ್ಟ್ರು ಕಿಟಕಿಯ ಹತ್ತಿರ ಗುನುಗುತ್ತಿದ್ದರೆ ಇವತ್ತಿನ ಮೇಷ್ಟ್ರು ಬೋರ್ಡಿನ ಹತ್ತಿರ ನಿಂತು ಕಿವಿ ಕೆಂಪು ಮಾಡಿಕೊಳ್ಳುತ್ತಿದ್ದರು. ನಾವು ನಗುವುದು ಮುಗಿದ ಮೇಲೆ ಪಾಠ ಮುಂದುವರಿಯುತ್ತಿತ್ತು. ಕಾಲೇಜಿನ ಹುಡುಗ ಹುಡುಗಿಯರ ಜೊತೆ ನಮ್ಮಂಥ ಬೆಳೆದವರೂ ಕೆಲವರಿದ್ದೆವು. ಮೊದಲ ಬೆಂಚಿನಲ್ಲಿ ಬಿಳಿ ಕೂದಲಿನ, ನೆಟ್ಟಗೆ ಬೆನ್ನಿನ ಒಬ್ಬರು ಕೂತಿದ್ದರು. ಅವರನ್ನು ಕಂಡು ನಾನು ಹಿಂದಿನ ಬೆಂಚಿಗೆ ಸರಿದೆ. ವಿಶಾಲಮ್ಮ. ಗಿರಣಿ ಸಾಹುಕಾರರ ಮಗಳು. ಮೂಗ ಮದುವೆಯ ಮದುವಣಗಿತ್ತಿ.

ಅವರಿಗೂ ನಾನು ಯಾರ ಮಗಳೆಂದು ಗೊತ್ತಿತ್ತು. ನನ್ನ ಬೆಂಚನ್ನು ದಾಟುವಾಗ ಸೀರೆಯ ಸೆರಗು ಎಳೆದುಕೊಳ್ಳುತ್ತಿದ್ದರು, ಮುಳ್ಳಿನ ಗಿಡ ದಾಟುವವರಂತೆ. ನಾನೂ ಏನು ಕಮ್ಮಿಯಿಲ್ಲ, ಮುಖ ಸಿಂಡರಿಸಿಕೊಂಡು ಕಿಟಕಿ ಕಡೆ ನೋಡುತ್ತಿದ್ದೆ.

ಅರ್ಧ ಕೋರ್ಸು ಮುಗಿದ ಮೇಲೆ ಮೇಷ್ಟ್ರು ಎಲ್ಲರಿಗೂ ಒಂದೊಂದು ಸಂಗತಿ ಆರಿಸಿಕೊಳ್ಳಲು ಹೇಳಿದರು. ಅದರ ಬಗ್ಗೆ ಗೊತ್ತಿದ್ದವರನ್ನು ಹುಡುಕಿ ಹೋಗಬೇಕು, ಕೇಳಬೇಕು, ಬಂದು ತರಗತಿಯಲ್ಲಿ ಹೇಳಬೇಕು. ಪುಸ್ತಕಕ್ಕೆ ಹೋಗುವುದು ಅದೇ. ವಿಶಾಲಮ್ಮ ಎಲ್ಲರಿಗಿಂತ ಮೊದಲು ಎದ್ದರು. “ಮೂಗ ಮದುವೆ ನಾನು ಬರೀತೀನಿ ಮೇಷ್ಟ್ರೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಳ ಇಲ್ಲದೆ ಬಂದ ಸೊಸೆ ಅಂತ ಅತ್ತೆ ಸಾಯೋವರೆಗೂ ನನ್ನ ಕೈಯಲ್ಲಿ ಒಂದು ಆರತಿ ಎತ್ತಿಸಲಿಲ್ಲ.” ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಆ ಹೆಂಗಸಿಗೂ ಅದು ನಲವತ್ತು ವರ್ಷದ ಹುಣ್ಣು ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಮೇಷ್ಟ್ರು ನನ್ನ ಕಡೆ ನೋಡಿದರು. ಜಗಳ ಕಾಯಬೇಡ ಅಂದಿದ್ದನಲ್ಲ ಅಪ್ಪ, ನಾನು ಮೇಷ್ಟ್ರ ಪಟ್ಟಿಯಲ್ಲಿ ಸಿಕ್ಕಿದ್ದಕ್ಕೆ ಕೈಹಾಕಿದೆ. ಸಿಕ್ಕಿದ್ದು ಹುಣಸೆಮರದ ದೆವ್ವದ ಮದುವೆ.

ಅದೂ ನಮ್ಮೂರಿನ ಹಳೇ ಕಥೆಯೇ. ಕೆರೆಬಯಲಿನ ಆ ತುದಿಯಲ್ಲಿ ಒಂದು ಮುದಿ ಹುಣಸೆಮರವಿದೆ. ಅಲ್ಲಿ ಯಾರೂ ಇಲ್ಲದಾಗ ಹಾಡುಹಗಲೇ ಗಟ್ಟಿಮೇಳ ಕೇಳಿತಂತೆ, ದೆವ್ವಗಳಿಗೆ ಮದುವೆಯಾಯಿತಂತೆ. ಅಂದಿನಿಂದ ಆ ಕಡೆ ದನವನ್ನೂ ಕಟ್ಟುವುದಿಲ್ಲ. ಕೇಳಿದವಳು ಇನ್ನೂ ಬದುಕಿದ್ದಾಳೆ, ಮಡಿವಾಳರ ಹನುಮಕ್ಕ ಎಂದು ಮೇಷ್ಟ್ರು ಹೇಳಿದರು.

ಹನುಮಕ್ಕಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಹುರುಳಿ ಆರಿಸುತ್ತಿದ್ದಳು. ದೆವ್ವದ ವಿಷಯ ಕೇಳಲು ಬಂದಿದ್ದೇನೆ ಎಂದ ತಕ್ಷಣ ಮೊರ ಪಕ್ಕಕ್ಕಿಟ್ಟು ಸರಿಯಾಗಿ ಕೂತಳು. ಎಷ್ಟು ಜನಕ್ಕೆ ಹೇಳಿದ್ದಳೋ, ಕಥೆಗೆ ಒಳ್ಳೆಯ ಹದ ಬಂದಿತ್ತು.

“ಬಟ್ಟೆ ಒಗೀತಿದ್ದೆ ಕಣವ್ವ. ನರಪಿಳ್ಳೆ ಇರಲಿಲ್ಲ. ಎತ್ತಿಕೊಳ್ತು ನೋಡು ಓಲಗ, ಮರದ ಬುಡದಲ್ಲಿ. ನಾಗಸ್ವರ, ಡೋಲು, ಸುರ್ತಿ ಎಲ್ಲಾನೂವೆ. ಗಟ್ಟಿಮೇಳ ಅಂದ್ರೆ ಗಟ್ಟಿಮೇಳ, ಎದೆ ಅದುರ್ತು. ಒಗೇ ಬಟ್ಟೆ ಅಲ್ಲೇ ಬಿಟ್ಟು ಓಡಿಬಂದೆ.”

“ಯಾರಾದ್ರೂ ಹಿಂದಿನ ದಿನ ಅಲ್ಲಿ ನುಡಿಸಿರಬೇಕಲ್ಲಜ್ಜಿ?”

“ಚಪ್ಪರ ಇಲ್ದೆ, ಮದುವೆ ಇಲ್ದೆ ಯಾರವ್ವ ಗಟ್ಟಿಮೇಳ ನುಡಿಸ್ತಾರೆ? ಹಿಂದಿನ ದಿನ ಚಪ್ಪರ ಇತ್ತು, ಇಲ್ಲ ಅನ್ನಲ್ಲ. ಬೆಳಗಾಗೋದ್ರಲ್ಲಿ ಇರಲಿಲ್ಲ. ಸಾಹುಕಾರ್ರ ಚಪ್ಪರ ಏರಿ ತಿರುವಿನ ಈಚೆಗಿತ್ತು, ಇದು ಇನ್ಯಾರದೋ, ಮದುವೆ ಮುರ್ದುಬಿತ್ತು ಅಂದ್ಕೊಂಡೆ. ಮುರಿದ ಮದುವೆ ಹಸೆ ಮೇಲೆ ದೆವ್ವ ಬಂದು ಕೂರುತ್ತೆ, ಗೊತ್ತಿಲ್ವ ನಿನಗೆ?”

ಮಾತಿನ ಮಧ್ಯೆ ನಾನು ಕೈಗೆತ್ತಿಕೊಂಡಿದ್ದ ಹುರುಳಿ ಮೊರಕ್ಕೆ ಬಿತ್ತು. “ಚಪ್ಪರ ಇತ್ತಾ? ಎಲ್ಲಿ ಹೋಯ್ತು ಅದು?”

“ನನಗೇನು ಗೊತ್ತು? ಸಾಯಂಕಾಲ ಅಡುಗೆಯವ್ರು ಒಲೆ ಹಚ್ಚಿದ್ರು, ಹೊಗೆ ಹೋಗಿ ಮರಕ್ಕೆ ಬಡೀತು. ಹೆಜ್ಜೇನು ಎದ್ದುಬಿಡ್ತು ನೋಡು. ನನಗೂ ಕಚ್ತು, ಇಲ್ಲಿ, ಇಲ್ಲಿ. ತೋಳು ಕುಂಬಳಕಾಯಿ ಆಗೋಗಿತ್ತು. ಚಪ್ಪರದ ಆಳುಗಳೆಲ್ಲ ದೂರದ ಊರೋರು, ಕಂಬಳಿ ಹೊದ್ಕೊಂಡು ಓಡಿದ್ರು. ಆಮೇಲೆ ಮನೆಗೆ ಬಂದು ಸುಣ್ಣ ಹಚ್ಕೊಂಡು ಮಲಗಿದೆ, ಅಷ್ಟೇ.”

“ಈ ಜೇನಿನ ವಿಷಯ ಇಷ್ಟು ವರ್ಷ ಯಾರಿಗೂ ಹೇಳಲಿಲ್ವ ನೀನು?”

“ಬಂದೋರೆಲ್ಲ ದೆವ್ವದ್ದು ಕೇಳಿದ್ರು. ಜೇನಿನದ್ದು ಯಾರು ಕೇಳಿದ್ರು?”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೆರೆಬಯಲು ಎಂದರೆ ಒಂದು ಹಿಡಿಯಷ್ಟು ಜಾಗವಲ್ಲ. ಏರಿಯ ತಿರುವಿನ ಆಚೆಗೊಂದು ತುದಿ, ಈಚೆಗೊಂದು ತುದಿ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುವುದಿಲ್ಲ. ದೂರದ ಊರಿನ ಆಳುಗಳು. ಅವರ ಊರಲ್ಲಿ ಓಲಗದವರು ಚಪ್ಪರದ ಜೊತೆಗೇ ಬರುತ್ತಾರೆ, ಚಪ್ಪರ ಎಲ್ಲಿ ನೆಟ್ಟರೂ ಅಲ್ಲೇ ಊದುತ್ತಾರೆ. ಜೇನಿಗೆ ಹೆದರಿ ಕಂಬ ಕಿತ್ತರು, ತಿರುವಿನ ಈಚೆಗೆ ನೆಟ್ಟರು, ತೋರಣ ಕಟ್ಟಿದರು, ಹಸೆಮಣೆ ಹೊತ್ತು ತಂದರು. ಏನೂ ಬಿಡಲಿಲ್ಲ ಅಂದುಕೊಂಡಿರಬೇಕು. ಅಪ್ಪ ಇಟ್ಟುಹೋದ ಮೇಳ ಆ ಮರದ ಬುಡದಲ್ಲೇ ಉಳಿಯಿತು. ಚಪ್ಪರ ಎಲ್ಲಿತ್ತು ಎಂದು ಅಪ್ಪನನ್ನು ಯಾರೂ ಕೇಳಲಿಲ್ಲ, ಕೆರೆಬಯಲು ಎಂದಷ್ಟೇ ಅಂದರು. ಅಪ್ಪನೂ ಕೇಳಲಿಲ್ಲ.

ಹಾಗೆಂದು ನಾನು ಎದ್ದು ಕುಣಿಯಲಿಲ್ಲ. ನನಗೆ ಬೇಕಾದ ಹಾಗೆ ನಾನೇ ಕಟ್ಟಿಕೊಳ್ಳುತ್ತಿದ್ದೇನೋ ಎಂದು ಅನುಮಾನ ಬಂತು. “ಅಜ್ಜಿ, ಆ ಮೇಳದಲ್ಲಿ ಏನಾದ್ರೂ ವಿಶೇಷ ಇತ್ತಾ?” ಎಂದೆ.

ಅಜ್ಜಿ ದನಿ ತಗ್ಗಿಸಿದಳು. “ಅದೇ ಕಣವ್ವ ನನ್ನನ್ನ ಹೆದರಿಸಿದ್ದು. ಗಟ್ಟಿಮೇಳ ಮುಗೀತು. ಮುಗಿದ ಮೇಲೆ ನಾಗಸ್ವರ ಒಂದೇ, ತೀರ ಸಣ್ಣಗೆ, ಒಂದು ಜೋಗುಳದ ಎಳೆ ಎಳೀತು. ಮದುವೇಲಿ ಜೋಗುಳ ಯಾಕೆ? ದೆವ್ವದ ಮದುವೇಲಿ ಯಾರ ಮಗು ಮಲಗಬೇಕಿತ್ತು? ಅದು ಇನ್ನೂ ನನ್ನ ಕಿವೀಲಿದೆ.” ಬೊಚ್ಚು ಬಾಯಿ ತೆರೆದು ಅದನ್ನು ಹಾಡಿದಳು. ಗಂಟಲಿನ ನರ ಕುಣಿಯುವುದು ಕಾಣಿಸಿತು. ಕೇಳಬೇಕಾದರೆ ನಾಳೆ ಬರಬೇಕು.

ಆ ಒಂದು ದಿನ ಕಳೆದದ್ದು ಹೇಗೆಂದು ಕೇಳಬೇಡಿ. ಕೆಂಪು ಸೀರೆಗೆ ಹಸಿರು ಫಾಲ್ ಹೊಲಿದೆ, ಬೈಸಿಕೊಂಡೆ. ಮರುದಿನ ಅದೇ ಹೊತ್ತಿಗೆ ಹೋಗಿ ಅದೇ ಜಗಲಿಯ ಮೇಲೆ ಕೂತೆ. ಅಜ್ಜಿ ಒಳಗೆ ರಾಗಿ ಬೀಸುತ್ತಿದ್ದಳು. ಜಗಲಿಯಿಂದ ಅವಳ ನಿನ್ನೆಯ ಒಡಕು ದನಿ ಎದ್ದಿತು. ನಾಲ್ಕೇ ಎಳೆ. ಕೇಳಿದವಳೇ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅದು ನನ್ನ ಅವ್ವನ ಜೋಗುಳ. ಅವ್ವ ಅಕ್ಕಿ ಆರಿಸುವಾಗಲೂ ಅದನ್ನೇ ಗುನುಗುತ್ತಿದ್ದಳು. ಅವಳು ತೀರಿಕೊಂಡ ಮರುದಿನ ಅಡುಗೆಮನೆಯಲ್ಲಿ ಅದು ಕೊನೆಯ ಸಲ ಬಂದಾಗ ಅಪ್ಪ ಎದ್ದು ಹೊರಗೆ ಹೋಗಿದ್ದ. ಅದು ನಮ್ಮ ಮನೆಯದು. ಬೇರೆ ಯಾರಿಗೂ ಗೊತ್ತಿಲ್ಲ.

ಮನೆಗೆ ಬಂದು ಅಪ್ಪನ ಮುಂದೆ ಕೂತು ಎಲ್ಲ ಹೇಳಿದೆ. ಜೇನು, ಹೊಗೆ, ಕಂಬ ಕಿತ್ತದ್ದು, ಒಗೆಯುವ ಕಲ್ಲಿನ ಹತ್ತಿರ ಒಬ್ಬಳೇ ಹೆಂಗಸು. ಅಪ್ಪ ಕುಟ್ಟಾಣಿ ಕೆಳಗಿಟ್ಟ. “ಆ ವರ್ಷ ನೀನು ಹುಟ್ಟಿದ್ದೆ. ಲಗ್ನದ ಕಾಲ, ಮನೇಲಿ ಒಂದು ದಿನ ನಿಂತೋನಲ್ಲ ನಾನು. ಮಗೂನ ಮಲಗಿಸೋಕೆ ಆಗಲಿಲ್ಲ ಅಂತ ಮೇಳ ಮುಗಿದ ಮೇಲೆ ಅದನ್ನೊಂದು ಊದ್ತಿದ್ದೆ. ಅಕ್ಕಿಕಾಳು ಹಾಕೋ ಗಲಾಟೇಲಿ ಯಾರಿಗೆ ಕೇಳಬೇಕು ಅಂತ,” ಅಂದ. ಸಾಹುಕಾರರನ್ನು ಬೈಯುತ್ತಾನೆ, ಚಪ್ಪರದವರನ್ನು ಬೈಯುತ್ತಾನೆ, ಹಾಳಾದ ವರ್ಷಗಳಿಗೆ ಹಣೆ ಚಚ್ಚಿಕೊಳ್ಳುತ್ತಾನೆ ಎಂದು ನಾನು ಕಾದಿದ್ದೆ. ಅವನು ಕೇಳಿದ್ದು ಒಂದೇ.

“ಚೆನ್ನಾಗಿ ಬಂದಿತ್ತಂತಾ?”

“ಎದೆ ಅದುರ್ತಂತೆ ಅಪ್ಪ,” ಎಂದೆ. ಅವನು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ಮರುದಿನ ತರಗತಿಯಲ್ಲಿ ನಾನು ಎದ್ದು ನಿಂತು ಹೇಳಿದೆ. ನನ್ನದು ಸ್ವಲ್ಪ ಜೋರು ಬಾಯಿ, ಆದರೆ ಅವತ್ತು ಬೆಂಚು ಹಿಡಿದುಕೊಂಡೇ ಮಾತಾಡಿದೆ. ಮುಗಿಯುವ ಮೊದಲೇ ವಿಶಾಲಮ್ಮ ಎದ್ದರು. “ದೆವ್ವದ ಕಥೆ ಹೊಸೆದು ನಿಮ್ಮಪ್ಪನ್ನ ತೊಳ್ಕೊಳೋಕೆ ಬಂದಿದೀಯೇನೆ?” ಅಂದರು. “ನಮ್ಮ ಅಪ್ಪಾಜಿ ಬದುಕಿರೋವರೆಗೂ ಇದೇ ಕೊರಗಲ್ಲಿ ಇದ್ರು. ಚಪ್ಪರ ಕಿತ್ತು ನೆಟ್ಟಿದ್ರೆ ಅವರಿಗೆ ಗೊತ್ತಾಗ್ತಿರಲಿಲ್ವ?”

“ಅವರು ಎಲ್ಲಾನೂ ಗುತ್ತಿಗೆ ಕೊಟ್ಟು ಬೀಗರ ಉಪಚಾರದಲ್ಲಿದ್ರು ಅಂತ ನೀವೇ ಈ ಬೆಂಚಿನ ಮೇಲೆ ಕೂತು ಹೇಳಿದೀರಿ ಅಮ್ಮ. ಬೆಳಿಗ್ಗೆ ದಿಬ್ಬಣದ ಜೊತೆ ಬಂದ್ರು, ಕೆರೆಬಯಲಲ್ಲಿ ಚಪ್ಪರ ಇತ್ತು, ಒಳಗೆ ಬಂದು ಕೂತ್ರು. ಅವರದ್ದೇನೂ ತಪ್ಪಿಲ್ಲ. ನನ್ನ ಮಾತು ನಂಬಬೇಡಿ. ನೀವೇ ನೆನಪು ಮಾಡ್ಕೊಳಿ. ಅವತ್ತು ಚಪ್ಪರದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಇತ್ತಾ?”

ವಿಶಾಲಮ್ಮನ ಬಲಗೈ ತಾನಾಗಿ ಸೀರೆಯ ಅಂಚನ್ನು ಹಿಡಿದುಕೊಂಡಿತು. “ಸಾರಣೆ ಹಸಿ ಇತ್ತು,” ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. “ಹಸೆಮಣೆ ಕೆಳಗೆ ಸಗಣಿ ಸಾರಿಸಿದ್ದು ಇನ್ನೂ ಆರಿರಲಿಲ್ಲ. ನನ್ನ ಧಾರೆ ಸೀರೆ ಅಂಚೆಲ್ಲ ಸಗಣಿ ಆಗಿ, ನಮ್ಮಮ್ಮನ ಮೇಲೆ ಸಿಡಿಮಿಡಿ ಅಂದಿದ್ದೆ. ಹಿಂದಿನ ದಿನ ಸಾರಿಸಿದ್ರೆ ಆರಿರಬೇಕಿತ್ತು.” ಆಮೇಲೆ ಕೈಯಲ್ಲಿ ಗಾತ್ರ ತೋರಿಸಿ, “ಅಡುಗೆ ಭಟ್ಟರ ಮುಖ ಈ ಗಾತ್ರ ಊದಿತ್ತು. ಹಲ್ಲುನೋವು ಅಂದ್ಕೊಂಡು ಲವಂಗ ಕೊಟ್ಟು ಕಳಿಸಿದ್ವಿ,” ಅಂದರು. ಯಾರಿಗೂ ನಗಲು ಧೈರ್ಯವಾಗಲಿಲ್ಲ. ಆಗ ಕಿಟಕಿಯ ಹತ್ತಿರದಿಂದ ನಿನ್ನೆಯ ಮೇಷ್ಟ್ರು ಗುನುಗಿದರು. ಎಲ್ಲರೂ ನಕ್ಕೆವು, ವಿಶಾಲಮ್ಮನೂ ನಕ್ಕರು, ನಗುತ್ತಲೇ ಅವರ ಕಣ್ಣಲ್ಲಿ ನೀರಿಳಿಯಿತು.

ಮೇಷ್ಟ್ರು ಪಾಠವನ್ನು ತಿದ್ದಿ ಬರೆಯೋಣ ಅಂದರು. ವಿಶಾಲಮ್ಮ ಕೈ ಅಡ್ಡ ಮಾಡಿದರು. “ಪುಸ್ತಕಕ್ಕೆ ಏನಾದ್ರೂ ಬರ್ಕೊಳಿ ಮೇಷ್ಟ್ರೆ. ನನಗೆ ಬೇಕಾಗಿರೋದು ನನ್ನ ಮೇಳ. ಅಲಮೇಲು, ನಿಮ್ಮಪ್ಪ ಹುಣಸೆಮರದ ಹತ್ರ ಹೋಗಿ, ಅವತ್ತು ನುಡಿಸಿದ್ದನ್ನ ಮತ್ತೆ ನುಡಿಸಲಿ. ಮರುದಿನ ನಮ್ಮನೆಯವರನ್ನ ಕರ್ಕೊಂಡು ನಾನು ಬರ್ತೀನಿ.”

ಈಗ ನಿಜವಾದ ಕಷ್ಟ ಶುರುವಾಯಿತು. ಅಪ್ಪ ಒಪ್ಪಲಿಲ್ಲ. ಅವತ್ತಿನ ಉಸಿರು ಸರಿಯಿತ್ತು, ಸರಿ. ಆದರೆ ಇವತ್ತಿನದು? ಎಪ್ಪತ್ತರ ಎದೆಗೂಡು, ನಲವತ್ತು ವರ್ಷ ಚೀಲದಲ್ಲಿದ್ದ ನಾಗಸ್ವರ. “ಊರೆಲ್ಲ ಬಂದು ನಿಂತಿರ್ತಾರೆ, ಏನೂ ಬರಲ್ಲ. ಆಗ ಎರಡನೇ ಮೂಗ ಮದುವೆ ಆಗುತ್ತೆ. ಈಗ ಹೇಗೂ ಗೊತ್ತಾಯ್ತಲ್ಲ, ಸಾಕು ಬಿಡವ್ವ. ಡೋಲಿನ ಮಾರಣ್ಣನೂ ಹೋಗಿಬಿಟ್ಟ, ಯಾರ ಕೈ ನೋಡ್ಕೊಂಡು ನುಡಿಸಲಿ?” ಅಂದ.

“ನನ್ನ ಕೈ ನೋಡ್ಕೊ,” ಎಂದೆ.

ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮಾರಣ್ಣ ಬದುಕಿರುವಾಗ ಅವರ ಮನೆಯ ಅಂಗಳದಲ್ಲಿ ಕೂತು ಅವರ ಕೈ ನೋಡಿ ನೋಡಿ ಕಲಿತಿದ್ದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಹಲಗೆಯ ಮೇಲೆ ಬೆರಳಾಡಿಸುತ್ತಿದ್ದೆ. ಹೆಣ್ಣುಮಗಳು ಡೋಲು ಕಟ್ಟಿಕೊಂಡರೆ ಜನ ಏನಂದಾರು ಎಂದು ಬಾಯಿ ಬಿಟ್ಟಿರಲಿಲ್ಲ. ಈಗ ಅಲ್ಲೇ ಇದ್ದ ಮಣೆಯ ಮೇಲೆ ಗಟ್ಟಿಮೇಳದ ಕೈ ಹಾಕಿ ತೋರಿಸಿದೆ. ಅವನು ಬೆರಳುಗಳನ್ನೇ ನೋಡುತ್ತ ಕೂತಿದ್ದು, “ಎಡಗೈ ಸೋಮಾರಿ,” ಅಂದ. ಹಾಗೆಂದರೆ ಒಪ್ಪಿದ ಎಂದರ್ಥ.

ಮಾರಣ್ಣನ ಡೋಲು ಅವರ ಮನೆಯಿಂದ ತಂದೆವು, ನಾಗಸ್ವರದ ಬಾಯಿಗೆ ಹೊಸ ಪೀಪಿ ತರಿಸಿ ನೀರಲ್ಲಿ ನೆನೆಹಾಕಿದೆವು. ಶ್ರುತಿ ಹಿಡಿಯಲು ಮೇಷ್ಟ್ರು ತಾವಾಗಿ ಬಂದರು. ಬೆಳಗಿನ ಮುಹೂರ್ತದ ಹೊತ್ತಿಗೆ ಹುಣಸೆಮರದ ಕೆಳಗೆ ಚಾಪೆ ಹಾಸಿ ಮೂವರೂ ಕೂತೆವು. ಮೇಲೆ ಹೆಜ್ಜೇನು ಈಗಲೂ ತೂಗುತ್ತಿತ್ತು. ಬೀಡಿ ಹಚ್ಚಬೇಡಿ ಎಂದು ಮೇಷ್ಟ್ರಿಗೆ ಮೊದಲೇ ಹೇಳಿಟ್ಟಿದ್ದೆ. ಅಪ್ಪ ನಾಗಸ್ವರ ತುಟಿಗಿಟ್ಟ. ಕೆನ್ನೆ ಉಬ್ಬಿತು, ಕತ್ತಿನ ನರ ಉಬ್ಬಿತು, ಬೆರಳು ಒಮ್ಮೆ ತಡವರಿಸಿ ದಾರಿ ಹಿಡಿಯಿತು. ಅವನ ಕಣ್ಣು ನನ್ನ ಕೈಯ ಮೇಲೆ, ನನ್ನ ಕಣ್ಣು ಅವನ ಬೆರಳಿನ ಮೇಲೆ. ಎಲೆ ಅಲುಗುವ ಸದ್ದು, ಅಪ್ಪನ ಏದುಸಿರಿನ ಸದ್ದು ಬಿಟ್ಟರೆ ಬೇರೇನಿಲ್ಲ. ನಾನು ಬಡಿದದ್ದು ತಾಳವೋ ತಗಡೋ ದೇವರಿಗೇ ಗೊತ್ತು. ಕೊನೆಯಲ್ಲಿ ನನಗೆ ಕೈ ನಿಲ್ಲಿಸು ಎಂದು ಸನ್ನೆ ಮಾಡಿ, ಕಣ್ಣು ಮುಚ್ಚಿ, ಒಬ್ಬನೇ ಸಣ್ಣಗೆ ಊದಿ ಮುಗಿಸಿದ. ಬೆವರು ಒರೆಸಿಕೊಂಡು, “ಇನ್ನು ನಾಳೆ ಹಣೇಬರಹ,” ಅಂದ.

ಮರುದಿನ ಕೆರೆಬಯಲಿಗೆ ಅರ್ಧ ಊರು ಬಂದಿತ್ತು. ಹುಣಸೆಮರದ ಹತ್ತಿರ ಹೋಗಲು ಮೊದಮೊದಲು ಹಿಂಜರಿದರು. ಹೂವಿನ ಗಿರಿಜ ಮುಂದೆ ಹೋಗಿ ನಿಂತದ್ದು ನೋಡಿ ಉಳಿದವರೂ ಹೋದರು. ಹನುಮಕ್ಕಜ್ಜಿಯನ್ನು ಮೇಷ್ಟ್ರು ಕೈಹಿಡಿದು ಕರೆತಂದು ಅವಳ ಹಳೇ ಒಗೆಯುವ ಕಲ್ಲಿನ ಮೇಲೆ ಕೂರಿಸಿದರು. ವಿಶಾಲಮ್ಮ ಧಾರೆ ಸೀರೆ ಉಟ್ಟು ಬಂದಿದ್ದರು, ಸೆರಗಿನಲ್ಲಿ ಅಕ್ಷತೆ. ಅವರ ಯಜಮಾನರು ಮುದುಕರು, ನಾಚಿಕೆಯಿಂದ ಕೋಲು ನೆಲಕ್ಕೆ ಕುಟ್ಟುತ್ತ ಪಕ್ಕದಲ್ಲಿ ನಿಂತಿದ್ದರು. ಅಪ್ಪ ಎಲ್ಲರಿಗಿಂತ ಹಿಂದೆ, ಏರಿಯ ಇಳಿಜಾರಿನಲ್ಲಿ, ಓಡಿಹೋಗಲು ಅನುಕೂಲವಾಗುವ ಹಾಗೆ ನಿಂತಿದ್ದ. ನಾನು ಅವನ ತೋಳು ಹಿಡಿದುಕೊಂಡಿದ್ದೆ.

ಹೊತ್ತಾಯಿತು. ಏನೂ ಬರಲಿಲ್ಲ. ಯಾರೋ ಕೆಮ್ಮಿದರು. “ಹೇಳಲಿಲ್ವ ನಾನು,” ಎಂದು ಗೊಣಗಿ ಅಪ್ಪ ತಿರುಗಿದ. ಅಷ್ಟರಲ್ಲಿ ಮರದ ಬುಡದಿಂದ ಶ್ರುತಿ ಎದ್ದಿತು, ಅದರ ಬೆನ್ನಿಗೇ ನಾಗಸ್ವರ.

ನಾನು ಏನು ಹೇಳಲಿ. ಮೊದಲ ಸ್ವರ ಒಂದಿಷ್ಟು ಒಡೆಯಿತು, ಎರಡನೆಯದು ಕೂಡಿಕೊಂಡಿತು, ಆಮೇಲೆ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಯ ಹಾಗೆ ಬಯಲೆಲ್ಲ ಹಬ್ಬಿಬಿಟ್ಟಿತು. ಡೋಲು ಜೊತೆಯಾಯಿತು. ನನ್ನ ಡೋಲು. ಗಟ್ಟಿಮೇಳ ಏರಿದಾಗ ವಿಶಾಲಮ್ಮ ಗಂಡನ ಕಡೆ ತಿರುಗಿದರು. ಆ ಮುದುಕರು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕೈಯಿಂದ ಹೆಂಡತಿಯ ಕೊರಳಿನ ತಾಳಿಯನ್ನು ಎತ್ತಿ ಕಣ್ಣಿಗೊತ್ತಿ ಬಿಟ್ಟರು. ಜನ ಅಕ್ಷತೆ ಹಾಕಿದರು. ಅಕ್ಷತೆ ತರದವರು ಹುಣಸೆಯ ಚಿಗುರು ಕಿತ್ತು ಹಾಕಿದರು. ಎಲ್ಲ ಅಡಗಿದ ಮೇಲೆ ನಾಗಸ್ವರ ಒಂದೇ ಸಣ್ಣಗೆ ಜೋಗುಳದ ಎಳೆ ಎಳೆಯಿತು. ಈ ಸಲ ಯಾರೂ ಗಲಾಟೆ ಮಾಡಲಿಲ್ಲ. “ಅದೇ, ಅದೇ ಕಣ್ರವ್ವ,” ಎಂದು ಹನುಮಕ್ಕಜ್ಜಿ ಕಲ್ಲಿನ ಮೇಲೆ ಕೈ ಬಡಿದಳು.

ಅಪ್ಪ ಅಲ್ಲಾಡದೆ ನಿಂತಿದ್ದ. ತಾನು ನುಡಿಸಿದ್ದನ್ನು ಅವನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ವಿಶಾಲಮ್ಮ ಜನರನ್ನು ಸರಿಸಿಕೊಂಡು ಹತ್ತಿರ ಬಂದು, ಸೆರಗಿನಲ್ಲಿ ಉಳಿದ ಅಕ್ಷತೆಯನ್ನು ಅವನ ಕೈಗೆ ಹಾಕಿ ಕೈಮುಗಿದರು. “ನಿಮ್ಮನ್ನ ಬಹಳ ಬೈದಿದೀನಿ ಕದಿರಪ್ಪನೋರೆ,” ಅಂದರು. “ನಾನೂ ಬೈಕೊಂಡಿದೀನಿ ತಾಯಿ, ನಿಮಗಿಂತ ಹೆಚ್ಚಾಗಿ,” ಅಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, “ಎಡಗೈ ಇನ್ನೂ ಸೋಮಾರಿ,” ಅಂದ.

ಜನ ಚದುರಿದರು. ಮೇಷ್ಟ್ರು ಪಾಠ ತಿದ್ದಲು ಹೋದರು. ನಾನು ಹಿಂದಿನ ದಿನ ಡೋಲಿನ ಜೊತೆ ಮರದ ಕೆಳಗೇ ಬಿಟ್ಟಿದ್ದ ಚಾಪೆ ಸುತ್ತುತ್ತಿದ್ದೆ. ಅಪ್ಪ ನನ್ನ ಕೈಯಿಂದ ಚಾಪೆ ಕಿತ್ತುಕೊಂಡು ಮತ್ತೆ ಹಾಸಿ, ಮರಕ್ಕೆ ಒರಗಿ ಕೂತು, ಹೆಗಲ ಚೀಲದಿಂದ ನಾಗಸ್ವರ ತೆಗೆದ.

“ಎಲ್ಲ ಹೋದ್ರಲ್ಲಪ್ಪ. ಇವತ್ತು ನುಡಿಸಿದ್ರೆ ನಾಳೆ ಇಲ್ಲಿ ಯಾರಿರ್ತಾರೆ ಕೇಳೋಕೆ?”

“ಅವತ್ತು ಯಾರಿದ್ರು?” ಅಂದ ಅಪ್ಪ, ಪೀಪಿಯನ್ನು ತುಟಿಗೆ ಒದ್ದೆ ಮಾಡಿಕೊಳ್ಳುತ್ತ.

ನಾನು ಡೋಲು ಎಳೆದುಕೊಂಡು ಎದುರಿಗೆ ಕೂತೆ. ಮರುದಿನ ಅಂಗಡಿ ತಡವಾಗಿ ತೆರೆದರಾಯಿತು ಎಂದು ನಾನೂ ಅಪ್ಪನೂ ಅದೇ ಹೊತ್ತಿಗೆ ಅಲ್ಲಿಗೆ ಹೋದೆವು. ಹನುಮಕ್ಕಜ್ಜಿ ನಮಗಿಂತ ಮೊದಲೇ ಬಂದು, ಒಂದು ಗಂಟು ಬಟ್ಟೆ ಪಕ್ಕಕ್ಕಿಟ್ಟುಕೊಂಡು, ತನ್ನ ಹಳೇ ಕಲ್ಲಿನ ಮೇಲೆ ಕಿವಿಗೊಟ್ಟು ಕೂತಿದ್ದಳು.